ಚಾಕುವಿನ ಹಿಡಿಗೆ ಬಣ್ಣ: ಮೊದಲು ಲೋಹ ಯಾವುದೆಂದು ತಿಳಿಯಿರಿ

ಮಡಚುವ ಚಾಕುವಿಗೆ ಮನೆಯಲ್ಲೇ ಬಣ್ಣ ಬರಿಸಬೇಕೆನ್ನುವವರು ನನಗೆ ತೋರಿಸುವ ಚಿತ್ರ ಹೆಚ್ಚಾಗಿ ಒಂದೇ: ನೀಲಿಯಿಂದ ನೇರಳೆಗೆ ಜಾರುವ ಹೊಳೆಯುವ ಹಿಡಿ. ಯಾವ ಬಣ್ಣ ಬೇಕೆಂಬುದು ಅವರಿಗೆ ಖಚಿತವಾಗಿ ಗೊತ್ತಿರುತ್ತದೆ, ಆದರೆ ಹಿಡಿ ಯಾವ ಲೋಹದ್ದೆಂದು ಗೊತ್ತಿರುವುದಿಲ್ಲ. ಮೇಲ್ಮೈ ಸಂಸ್ಕರಣೆಯ ಕೆಲಸದಲ್ಲಿ ಎಲ್ಲವೂ ತೀರ್ಮಾನವಾಗುವುದು ಆ ಎರಡನೆಯ ಪ್ರಶ್ನೆಯಲ್ಲಿ. ಟೈಟೇನಿಯಂ, ಅಲ್ಯೂಮಿನಿಯಂ, ಉಕ್ಕು ಮೂರೂ ಬಣ್ಣ ಪಡೆಯುವ ಬಗೆ ಬೇರೆ ಬೇರೆ. ತಯಾರಕರ ವಿವರಪತ್ರ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ತೂಕವೇ ಸುಳಿವು. ಅಲ್ಯೂಮಿನಿಯಂ ನೀರಿಗಿಂತ ಸುಮಾರು 2.7 ಪಟ್ಟು ಭಾರ, ಟೈಟೇನಿಯಂ 4.5 ಪಟ್ಟು, ಉಕ್ಕು ಹೆಚ್ಚುಕಡಿಮೆ 8 ಪಟ್ಟು. ಅಯಸ್ಕಾಂತವನ್ನು ಪೂರ್ತಿ ನಂಬಬೇಡಿ. ಕೆಲವು ಸ್ಟೇನ್‌ಲೆಸ್ ಸ್ಟೀಲ್‌ಗಳು ಅದಕ್ಕೆ ಅಂಟುವುದೇ ಇಲ್ಲ.

ಮುಂದೆ ಹೋಗುವ ಮೊದಲು ಅಲಗಿನ ಮಾತು. ಉರಿಗೆ ಹಿಡಿದು ಅಲಗಿಗೆ ನೀಲಿ ಬರಿಸುವ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಸಾದಾ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆಳು ಹಳದಿಯಾಗುತ್ತದೆ, 280ರ ಹತ್ತಿರ ನೇರಳೆ, 300ರ ಆಸುಪಾಸಿನಲ್ಲಿ ನೀಲಿ. ಅನೇಕ ಚಾಕುಗಳ ಉಕ್ಕಿಗೆ ಹದ ಕೊಟ್ಟಿರುವುದೇ ಇದಕ್ಕಿಂತ ಕಡಿಮೆ ಶಾಖದಲ್ಲಿ. ಅಂಥ ಅಲಗಿನಲ್ಲಿ ನೀಲಿ ಕಾಣುವ ಹೊತ್ತಿಗೆ ಹದ ಕೆಟ್ಟಿರುತ್ತದೆ, ಬಾಯಿ ಮೆತ್ತಗಾಗಿರುತ್ತದೆ. ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ. ಸ್ಟೇನ್‌ಲೆಸ್ ಅಲಗಿನಲ್ಲಿ ಈ ಬಣ್ಣಗಳು ಮೂಡಲು ಇನ್ನೂ ಹೆಚ್ಚು ಶಾಖ ಬೇಕು, ಜೊತೆಗೆ ತುಕ್ಕು ತಡೆಯುವ ಗುಣವೂ ಕುಗ್ಗುತ್ತದೆ. ಬಣ್ಣವೇನಿದ್ದರೂ ಹಿಡಿಗೆ.

ಹಿಡಿ ಟೈಟೇನಿಯಂ ಆಗಿದ್ದರೆ ನೀವು ಅದೃಷ್ಟವಂತರು. ಇಲ್ಲಿ ಹಚ್ಚುವ ಬಣ್ಣವೇ ಇಲ್ಲ. ವಿದ್ಯುತ್ ಹರಿಸಿದಾಗ ಲೋಹದ ಮೇಲೆ ಅದರದೇ ಆಕ್ಸೈಡ್‌ನ ಪಾರದರ್ಶಕ ಪದರ ಬೆಳೆಯುತ್ತದೆ. ಪದರದ ಮೇಲ್ಭಾಗದಿಂದ ಮರಳುವ ಬೆಳಕೂ ಅಡಿಯ ಲೋಹದಿಂದ ಮರಳುವ ಬೆಳಕೂ ಸೇರಿದಾಗ ಕೆಲವು ಬಣ್ಣಗಳು ಅಳಿದು ಕೆಲವು ಉಕ್ಕುತ್ತವೆ. ರಸ್ತೆಯ ಮಳೆನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಕಾಮನಬಿಲ್ಲು ಕಾಣುವುದೂ ಇದೇ ಕಾರಣಕ್ಕೆ. ಪದರದ ದಪ್ಪವನ್ನು ವೋಲ್ಟೇಜ್ ನಿರ್ಧರಿಸುತ್ತದೆ, ದಪ್ಪವು ಬಣ್ಣವನ್ನು. 15-20 ವೋಲ್ಟ್‌ಗೆ ಕಂಚಿನ ಛಾಯೆ, 25ರ ಹತ್ತಿರ ನೇರಳೆ, 30ಕ್ಕೆ ಗಾಢ ನೀಲಿ, 40-50ಕ್ಕೆ ತಿಳಿ ಆಕಾಶ, 60ರ ಸುತ್ತ ಹೊನ್ನಿನ ಹಳದಿ, 70ರ ನಂತರ ಗುಲಾಬಿ, ಮುಂದೆ ಹಸಿರು ಬೆರೆತ ನೀಲಿ, 100ರ ಹತ್ತಿರ ಹಸಿರು. ಮಿಶ್ರಲೋಹಕ್ಕೆ ತಕ್ಕಂತೆ ಈ ಅಂಕಿಗಳು ತುಸು ಸರಿಯುತ್ತವೆ. ಅಪ್ಪಟ ಕೆಂಪನ್ನು ಈ ವಿಧಾನದಿಂದ ನಿರೀಕ್ಷಿಸಬೇಡಿ.

ಬೇಕಾಗುವ ಸಾಮಗ್ರಿ ಸರಳ. ಭಟ್ಟಿ ಇಳಿಸಿದ ಒಂದು ಲೀಟರ್ ನೀರು, ಅದರಲ್ಲಿ ಕರಗಿಸಿದ ಒಂದು ಚಮಚ ಅಡುಗೆ ಸೋಡಾ, ಪ್ಲಾಸ್ಟಿಕ್ ಪಾತ್ರೆ, ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಮಿತಿಗೊಳಿಸಬಲ್ಲ ಡಿಸಿ ಪವರ್ ಸಪ್ಲೈ. ಹಿಡಿಯನ್ನು ಧನ ತುದಿಗೆ, ಇನ್ನೊಂದು ಟೈಟೇನಿಯಂ ತುಂಡನ್ನು ಋಣ ತುದಿಗೆ ಕಟ್ಟಿ. ಎರಡೂ ಒಂದಕ್ಕೊಂದು ತಾಗಬಾರದು. ಹಿಡಿಯನ್ನು ಟೈಟೇನಿಯಂ ತಂತಿಯಿಂದಲೇ ತೂಗುಹಾಕಿ. ತಾಮ್ರದ ತಂತಿ ದ್ರಾವಣಕ್ಕೆ ಇಳಿದರೆ ಕರಗುತ್ತಾ ಕರೆಂಟನ್ನೆಲ್ಲ ಎಳೆದುಕೊಳ್ಳುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಎಂದಿಗೂ ಬೇಡ. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಚಾಕುವನ್ನು ಪೂರ್ತಿ ಬಿಚ್ಚಬೇಕು. ಸ್ಕ್ರೂ, ವಾಷರ್, ಬೇರಿಂಗ್, ಲಾಕ್‌ನಲ್ಲಿ ಕೂರಿಸಿದ ಉಕ್ಕಿನ ತುಣುಕು ಯಾವುದೂ ಹಿಡಿಯ ಜೊತೆ ದ್ರಾವಣಕ್ಕೆ ಇಳಿಯಬಾರದು. ಆಮೇಲೆ ಶುಚಿ. ಕೆಲಸ ಕೆಡುವುದು ಬಹುಪಾಲು ಇಲ್ಲಿಯೇ, ವೋಲ್ಟೇಜ್‌ನಲ್ಲಲ್ಲ. ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ನೀರಿನಲ್ಲಿ ಜಾಲಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ನಂತರ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಬಿದ್ದ ಕಡೆ ಬಣ್ಣದಲ್ಲಿ ಕಲೆ ಉಳಿಯುತ್ತದೆ. ಪಾಲಿಶ್ ಮಾಡಿದ ಮೇಲ್ಮೈಯಲ್ಲಿ ಬಣ್ಣ ಮಿಂಚುತ್ತದೆ, ಒರಟು ಮೇಲ್ಮೈಯಲ್ಲಿ ಅದೇ ಬಣ್ಣ ಮಂಕಾಗಿ ಕಾಣುತ್ತದೆ.

ವೋಲ್ಟೇಜ್ ಏರಿಸುವಾಗ ನಿಧಾನವಾಗಿರಿ. ಏರಿದ ಬಣ್ಣವನ್ನು ಇಳಿಸಲು ಬರುವುದಿಲ್ಲ, ಏಕೆಂದರೆ ಬೆಳೆದ ಪದರ ವೋಲ್ಟೇಜ್ ತಗ್ಗಿಸಿದರೆ ತೆಳುವಾಗುವುದಿಲ್ಲ. ಎರಡು ಬಣ್ಣ ಬೇಕಾದಾಗ ಇದೇ ಗುಣ ನೆರವಿಗೆ ಬರುತ್ತದೆ. ಕಂಚಿನ ಬಣ್ಣದ ಭಾಗವನ್ನು ಟೇಪಿನಿಂದ ಮುಚ್ಚಿ ಮೊದಲು 60 ವೋಲ್ಟ್‌ನ ಹಳದಿ ಬರಿಸಿ. ಟೇಪ್ ಕಿತ್ತು 18 ವೋಲ್ಟ್ ಕೊಟ್ಟರೆ ಬೆತ್ತಲೆ ಭಾಗ ಮಾತ್ರ ಕಂಚಾಗುತ್ತದೆ, ಹಳದಿ ಅಲುಗಾಡುವುದಿಲ್ಲ. ಚಿತ್ರದಲ್ಲಿ ಕಂಡ ಆ ಜಾರುವ ಬಣ್ಣಕ್ಕೆ ಹಿಡಿಯನ್ನು ಪೂರ್ತಿ ಮುಳುಗಿಸಿ, ವೋಲ್ಟೇಜ್ ಏರಿಸುತ್ತಲೇ ಮೆಲ್ಲಗೆ ಮೇಲೆತ್ತಬೇಕು. ಕೊನೆಗೆ ಹೊರಬರುವ ತುದಿಗೆ ಅತಿ ಹೆಚ್ಚಿನ ವೋಲ್ಟೇಜ್‌ನ ಬಣ್ಣ ಸಿಗುತ್ತದೆ. ಎತ್ತುವಾಗ ಕೈ ಹಿಡಿಯಬೇಕಾದದ್ದು ವಿದ್ಯುತ್ ಹರಿಯದ ಪ್ಲಾಸ್ಟಿಕ್ ಹಿಡಿಕೆಯನ್ನು, ತಂತಿಯನ್ನಲ್ಲ.

ಒದ್ದೆ ಕೈಗೆ 60 ವೋಲ್ಟ್ ಡಿಸಿ ಆಟದ ವಸ್ತುವಲ್ಲ, 100 ವೋಲ್ಟ್ ಜೀವ ತೆಗೆಯಬಲ್ಲದು. ರಬ್ಬರ್ ಕೈಗವಸು ಇರಲಿ, ಸಪ್ಲೈ ಆರಿಸದೆ ಏನನ್ನೂ ಮುಟ್ಟಬೇಡಿ, ಗೋಡೆಯ ಪ್ಲಗ್‌ನಿಂದ ನೇರವಾಗಿ ಡಯೋಡ್ ಹಾಕಿ ವಿದ್ಯುತ್ ತೆಗೆಯುವ ಸಾಹಸ ಬೇಡವೇ ಬೇಡ. ಹೊಸಬರಿಗೆ ನನ್ನ ಸಲಹೆ ಮೂರು 9 ವೋಲ್ಟ್ ಬ್ಯಾಟರಿಗಳ ಸರಣಿ. ನೇರಳೆ-ನೀಲಿಯ ಸೀಮೆಗೆ ಅಷ್ಟೇ ಸಾಕು. ಹಸಿರನ್ನು ಗಾಢವಾಗಿಸಲು ಕೆಲವರು ಹೈಡ್ರೋಫ್ಲೋರಿಕ್ ಆಮ್ಲ ಬಳಸುತ್ತಾರೆ. ಆ ಆಮ್ಲ ಚರ್ಮವನ್ನು ದಾಟಿ ಒಳಗಿಳಿಯುತ್ತದೆ, ಮನೆಯೊಳಗೆ ತರಲೇಬೇಡಿ.

ಅಲ್ಯೂಮಿನಿಯಂ ಹಿಡಿಯಲ್ಲಿ ವಿದ್ಯುತ್ತಿನಿಂದ ಬೆಳೆಸಿದ ಆಕ್ಸೈಡ್ ಪದರಕ್ಕೆ ಸೂಕ್ಷ್ಮ ರಂಧ್ರಗಳಿರುತ್ತವೆ; ಅವುಗಳಲ್ಲಿ ಬಣ್ಣದ್ರವ ತುಂಬಿ, ಕುದಿಯುವ ನೀರಿನಲ್ಲಿ ಮುಚ್ಚುತ್ತಾರೆ. ಕೆಂಪು, ಕಪ್ಪು ಎಲ್ಲವೂ ಸಾಧ್ಯ. ಆದರೆ ಅದಕ್ಕೆ ಗಂಧಕಾಮ್ಲದ ತೊಟ್ಟಿ ಬೇಕು, ಹಾಗಾಗಿ ಕಾರ್ಖಾನೆಗೆ ಕೊಡಿ ಎನ್ನುತ್ತೇನೆ. ಉಕ್ಕಿನ ಹಿಡಿಗೆ ಉಳಿಯುವುದು ಲೇಪನ. ಅದನ್ನು ತೆಳುವಾಗಿ ಹಚ್ಚಿ. ಅಲಗು ತಿರುಗುವ ರಂಧ್ರ, ವಾಷರ್ ಉಜ್ಜುವ ಜಾಗ, ಲಾಕ್ ಅಲಗಿಗೆ ತಾಗುವ ಮುಖ ಇವುಗಳನ್ನು ಟೇಪಿನಿಂದ ಮುಚ್ಚದಿದ್ದರೆ ಚಾಕು ಬಿಗಿಯಾಗುತ್ತದೆ, ಲಾಕ್ ಸರಿಯಾಗಿ ಕೂರುವುದಿಲ್ಲ.

ಟೈಟೇನಿಯಂನ ಬಣ್ಣದ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ಕೀಲಿಗೊಂಚಲಿನ ಜೊತೆ ಜೇಬಿನಲ್ಲಿದ್ದರೆ ಗೀರು ಬೀಳುತ್ತದೆ, ಕ್ಲಿಪ್ ಒತ್ತುವ ಜಾಗ ಮೊದಲು ಸವೆಯುತ್ತದೆ. ಬಣ್ಣ ಮಾಸಿದಂತೆ ಕಂಡರೆ ಮೊದಲು ಆಲ್ಕೋಹಾಲ್‌ನಿಂದ ಒರೆಸಿ ನೋಡಿ, ಅನೇಕ ಸಲ ಅದು ಕೈಯ ಜಿಡ್ಡು ಮಾತ್ರ. ನಿಜವಾಗಿ ಸವೆದಿದ್ದರೆ ನಯವಾದ ಉಜ್ಜುವ ನಾರಿನಿಂದ ಪೂರ್ತಿ ತೆಗೆದು ಹೊಸದಾಗಿ ಬರಿಸಬಹುದು.