ಅಂಡಾಶಯದಲ್ಲಿ ಸಿಸ್ಟ್ ಕಂಡಿದೆ, ಈಗಲೇ ತೆಗೆಸಿಬಿಡಬೇಕಾ?

ಪ್ರಶ್ನೆ: ನನಗೆ 34 ವರ್ಷ. ಕಿಬ್ಬೊಟ್ಟೆ ನೋವು ಅಂತ ಸ್ಕ್ಯಾನಿಂಗ್ ಮಾಡಿಸಿದೆ. ಬಲಗಡೆ ಅಂಡಾಶಯದಲ್ಲಿ 5.5 ಸೆಂ.ಮೀ. ಸಿಂಪಲ್ ಸಿಸ್ಟ್ ಇದೆ ಅಂತ ರಿಪೋರ್ಟ್ ಬಂತು. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎಂದರು ಡಾಕ್ಟರು. ಅಷ್ಟರಲ್ಲಿ ಅದು ಕ್ಯಾನ್ಸರ್ ಆಗಿಬಿಟ್ಟರೆ? ಈಗಲೇ ಆಪರೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದಲ್ವಾ?

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಸರಿ. ಅವರು ನಿಮ್ಮನ್ನು ಸುಮ್ನೆ ಕಾಯಿಸುತ್ತಿಲ್ಲ, ಈ ಕಾಯುವುದೇ ಒಂದು ಪರೀಕ್ಷೆ.

ಯಾಕೆ ಅಂತ ಹೇಳುತ್ತೇನೆ. ಮುಟ್ಟಾಗುವ ವಯಸ್ಸಿನಲ್ಲಿ ಪ್ರತಿ ತಿಂಗಳೂ ಅಂಡಾಶಯದಲ್ಲಿ ಒಂದು ನೀರಿನ ಚೀಲ ಬೆಳೆಯುತ್ತದೆ. ಸುಮಾರು 2 ಸೆಂ.ಮೀ. ದಾಟಿದ ಮೇಲೆ ಒಡೆದು ಅಂಡಾಣು ಹೊರಗೆ ಬರುತ್ತದೆ. ಕೆಲವು ತಿಂಗಳು ಅದು ಒಡೆಯುವುದಿಲ್ಲ, ಹಾಗೇ ದೊಡ್ಡದಾಗುತ್ತಾ ಹೋಗುತ್ತದೆ. ಇನ್ನು ಕೆಲವು ಸಲ ಒಡೆದ ಜಾಗದಲ್ಲೇ ನೀರೋ ರಕ್ತವೋ ತುಂಬಿಕೊಳ್ಳುತ್ತದೆ. ಇವು ರೋಗವಲ್ಲ, ಸಾಮಾನ್ಯವಾಗಿ ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ತಾವಾಗಿಯೇ ಕರಗುತ್ತವೆ. ನಿಜವಾದ ಗಡ್ಡೆ ಹಾಗೆ ಕರಗುವುದಿಲ್ಲ. ಹಾಗಾಗಿ ಮುಂದಿನ ಸ್ಕ್ಯಾನ್‌ನಲ್ಲಿ ಸಿಸ್ಟ್ ಮಾಯವಾಗಿದ್ದರೆ ಅದು ಏನಾಗಿತ್ತು ಅನ್ನುವುದಕ್ಕೆ ಉತ್ತರವೂ ಸಿಕ್ಕಿತು, ಆಪರೇಷನ್ನೂ ತಪ್ಪಿತು. ಇಂಥ ಸಿಸ್ಟ್ ಎರಡು ತಿಂಗಳಲ್ಲಿ ಕ್ಯಾನ್ಸರ್ ಆಗಿಬಿಡುತ್ತದೆ ಅನ್ನುವ ಭಯ ಬೇಡ.

ಎಲ್ಲರೂ ಮೊದಲು ನೋಡುವುದು ಸೆಂಟಿಮೀಟರ್. ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾದದ್ದು ಸಿಸ್ಟ್ ಒಳಗೆ ಏನಿದೆ ಅನ್ನುವುದು, ಮತ್ತು ನಿಮ್ಮ ವಯಸ್ಸು. ತೆಳು ಗೋಡೆ, ಒಳಗೆ ಬರೀ ತಿಳಿನೀರು ಇದ್ದರೆ ರಿಪೋರ್ಟ್‌ನಲ್ಲಿ ಸಿಂಪಲ್ ಸಿಸ್ಟ್ ಅಂತ ಬರೆಯುತ್ತಾರೆ. ನಿಮ್ಮದು ಇದೇ. ಒಳಗೆ ಗಟ್ಟಿ ಭಾಗ, ಗೋಡೆಯಿಂದ ಒಳಕ್ಕೆ ಚಾಚಿಕೊಂಡ ಸಣ್ಣ ಸಣ್ಣ ಬೆಳವಣಿಗೆಗಳು, ಆ ಗಟ್ಟಿ ಭಾಗದಲ್ಲಿ ಜಾಸ್ತಿ ರಕ್ತ ಸಂಚಾರ, ಹೊಟ್ಟೆಯೊಳಗೆ ನೀರು, ಇಂಥವು ಕಂಡರೆ ಮಾತ್ರ ಡಾಕ್ಟರು ಕಾಯದೆ ಮುಂದಿನ ಹೆಜ್ಜೆ ಇಡುತ್ತಾರೆ. ಹಾಗಂತ 'ಕಾಂಪ್ಲೆಕ್ಸ್ ಸಿಸ್ಟ್' ಅಂತ ಬರೆದಿದ್ದರೆ ಎದೆ ಒಡೆದುಕೊಳ್ಳಬೇಡಿ. ರಕ್ತ ತುಂಬಿದ ಸಿಸ್ಟ್, ಎಂಡೋಮೆಟ್ರಿಯೋಸಿಸ್‌ನಿಂದ (ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆ ಬೆಳೆಯುವ ತೊಂದರೆ) ಆಗುವ ಚಾಕೊಲೇಟ್ ಸಿಸ್ಟ್, ಒಳಗೆ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲು ಕೂಡ ಇರುವ ಡರ್ಮಾಯ್ಡ್, ಇವೂ ಸ್ಕ್ಯಾನ್‌ನಲ್ಲಿ ಹಾಗೇ ಕಾಣುತ್ತವೆ, ಮತ್ತು ಹೆಚ್ಚಿನವು ಕ್ಯಾನ್ಸರ್ ಅಲ್ಲ. ಪಿಸಿಒಎಸ್ (ಹಾರ್ಮೋನ್ ಏರುಪೇರಿನ ತೊಂದರೆ) ಅಂತೂ ಬೇರೆಯೇ ವಿಷಯ, ಅದರಲ್ಲಿ ಕಾಣುವ ಸಣ್ಣ ಗುಳ್ಳೆಗಳನ್ನು ಆಪರೇಷನ್ ಮಾಡಿ ತೆಗೆಯುವುದಿಲ್ಲ.

ಭಯಕ್ಕೆ ಬಿದ್ದು ತಾವೇ ಲ್ಯಾಬಿಗೆ ಹೋಗಿ ಅಂಡಾಶಯದ ಕ್ಯಾನ್ಸರ್ ಸುಳಿವಿಗೆ ನೋಡುವ ಸಿಎ-125 ರಕ್ತಪರೀಕ್ಷೆ ಮಾಡಿಸಿಕೊಳ್ಳುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಮಾನ್ಯವಾಗಿ ಪರೀಕ್ಷೆಯ ನಂಬರ್ 35ರ ಒಳಗಿದ್ದರೆ ನಾರ್ಮಲ್ ಅನ್ನುತ್ತಾರೆ. ಆದರೆ ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಆಗುವ, ಕ್ಯಾನ್ಸರ್ ಅಲ್ಲದ ಗಡ್ಡೆ), ಎಂಡೋಮೆಟ್ರಿಯೋಸಿಸ್, ಹೊಟ್ಟೆಯ ಟಿಬಿ ಇದ್ದಾಗಲೂ ಅದು ಏರುತ್ತದೆ. ಇನ್ನೊಂದು ಕಡೆ, ಮೊದಲ ಹಂತದ ಅಂಡಾಶಯದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಏರಿರುವುದೇ ಇಲ್ಲ. ಅಂದರೆ ನಂಬರ್ ಜಾಸ್ತಿ ಬಂತು ಅಂತ ಅಳುವುದೂ, ಕಡಿಮೆ ಬಂತು ಅಂತ ಪೂರ್ತಿ ನಿಶ್ಚಿಂತರಾಗುವುದೂ ಎರಡೂ ತಪ್ಪು. ಮುಟ್ಟು ನಿಂತವರಲ್ಲಿ ಇದಕ್ಕೆ ಬೆಲೆ ಜಾಸ್ತಿ. ಅವರಿಗೆ ಸ್ಕ್ಯಾನ್‌ನಲ್ಲಿ ಕಂಡದ್ದು, ಮುಟ್ಟು ನಿಂತಿರುವುದು, ಸಿಎ-125 ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಹಾಗೆ ಲೆಕ್ಕ ಹಾಕಿ ಬಂದ ಒಟ್ಟು ಅಂಕ 200 ದಾಟಿದರೆ ಕ್ಯಾನ್ಸರ್ ಸರ್ಜರಿ ಮಾಡುವ ಸ್ತ್ರೀರೋಗ ತಜ್ಞರ ಹತ್ತಿರ ಕಳಿಸುವುದು ರೂಢಿ. ಹದಿಹರೆಯದ ಹುಡುಗಿಯರಲ್ಲಿ ಗಟ್ಟಿ ಗಡ್ಡೆ ಕಂಡರೆ ಕೇಳುವ ರಕ್ತಪರೀಕ್ಷೆಗಳೇ ಬೇರೆ: ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್.

ಸಿಸ್ಟ್ ಕರಗಲು ಗರ್ಭನಿರೋಧಕ ಮಾತ್ರೆ ಕೊಡುವುದು ಹಳೇ ಅಭ್ಯಾಸ. ಈಗಾಗಲೇ ಇರುವ ಸಿಸ್ಟ್ ಅದರಿಂದ ಬೇಗ ಹೋಗುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಹೊಸದು ಆಗದಂತೆ ತಡೆಯಲು ಸ್ವಲ್ಪ ಸಹಾಯ ಆಗಬಹುದು, ಅಷ್ಟೇ.

ಹಾಗಾದರೆ ಆಪರೇಷನ್ ಯಾವಾಗ? ಸಿಸ್ಟ್ ಕರಗದೆ ಬೆಳೆಯುತ್ತಾ ಹೋದರೆ, 7 ಸೆಂ.ಮೀ.ಗಿಂತ ದೊಡ್ಡದಿದ್ದರೆ (ಆಗ ಎಂಆರ್‌ಐ ಕೂಡ ಹೇಳಬಹುದು), ನೋವು ಬಿಡದಿದ್ದರೆ, ಅಥವಾ ಒಳಗಿನ ರೂಪವೇ ಅನುಮಾನ ಹುಟ್ಟಿಸಿದರೆ. ಹೆಚ್ಚಿನ ಸಲ ಲ್ಯಾಪರೋಸ್ಕೋಪಿಯಲ್ಲೇ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಮುಗಿಯುತ್ತದೆ. ಇಲ್ಲಿ ನೀವು ಮೊದಲೇ ಬಾಯಿ ಬಿಟ್ಟು ಕೇಳಲೇಬೇಕಾದ್ದು ಒಂದಿದೆ: ಸಿಸ್ಟ್ ಮಾತ್ರ ತೆಗೆಯುತ್ತೀರಾ, ಅಂಡಾಶಯವನ್ನೇ ತೆಗೆಯುತ್ತೀರಾ? ನಿಮ್ಮ ವಯಸ್ಸಿನಲ್ಲಿ, ಅನುಮಾನವಿಲ್ಲದ ಸಿಸ್ಟ್‌ಗೆ ಅಂಡಾಶಯ ಉಳಿಸುವುದೇ ಗುರಿಯಾಗಿರಬೇಕು. ಮುಂದೆ ಮಕ್ಕಳು ಬೇಕು ಅಂತಿದ್ದರೆ ಅದನ್ನೂ ಹೇಳಿ. ಅದರಲ್ಲೂ ಚಾಕೊಲೇಟ್ ಸಿಸ್ಟ್ ತೆಗೆಯುವಾಗ ಸುತ್ತಲಿನ ಒಳ್ಳೆಯ ಭಾಗವೂ ಹೋಗಿ ಅಂಡಾಣುಗಳ ಸಂಗ್ರಹ ಕಡಿಮೆಯಾಗಬಹುದು. ಅನಗತ್ಯ ಆಪರೇಷನ್ ಬೇಡ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಕ್ಯಾನ್ಸರ್ ಅನುಮಾನ ಬಲವಾಗಿದ್ದರೆ ಮಾತ್ರ ದಾರಿ ಬೇರೆ. ಸೂಜಿ ಹಾಕಿ ನೀರು ತೆಗೆಯುವುದಾಗಲಿ, ಒಳಗೇ ಒಡೆಯುವುದಾಗಲಿ ಆಗಬಾರದು, ಯಾಕೆಂದರೆ ಕ್ಯಾನ್ಸರ್ ಕಣಗಳು ಹೊಟ್ಟೆಯಲ್ಲಿ ಹರಡಬಹುದು. ಗಡ್ಡೆಯನ್ನು ಇಡಿಯಾಗಿ ತೆಗೆದು ಪರೀಕ್ಷೆಗೆ ಕಳಿಸಿ, ಎಲ್ಲಿಯವರೆಗೆ ಹರಡಿದೆ ನೋಡಿ, ಬೇಕಿದ್ದರೆ ಕೀಮೋ ಕೊಡುತ್ತಾರೆ. ಮೊದಲ ಆಪರೇಷನ್ನೇ ಸರಿಯಾಗಿ ಆಗಬೇಕು, ಆದ್ದರಿಂದ ಅದನ್ನು ಕ್ಯಾನ್ಸರ್ ತಜ್ಞರ ಕೈಯಲ್ಲೇ ಮಾಡಿಸಿ.

ಕಾಯುವ ದಿನಗಳಲ್ಲಿ ಒಂದು ಎಚ್ಚರ. ಇದ್ದಕ್ಕಿದ್ದಂತೆ ಒಂದು ಕಡೆ ತಡೆಯಲಾಗದ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ನೋವಿನ ಮಾತ್ರೆ ನುಂಗಿ ಬೆಳಗಾಗಲಿ ಅಂತ ಮಲಗಬೇಡಿ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ. ಬೇಗ ಬಿಡಿಸಿದರೆ ಅಂಡಾಶಯ ಉಳಿಯುತ್ತದೆ. ತಲೆಸುತ್ತು, ಜ್ವರ ಬಂದರೂ ಅಷ್ಟೇ. ವಾರಗಟ್ಟಲೆ ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದ್ದರೆ ಮುಂದಿನ ತಾರೀಖಿಗೆ ಕಾಯದೆ ಹೇಳಿ. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಡಾಕ್ಟರು ಕೇಳದಿದ್ದರೂ ತಿಳಿಸಿ.

ಮುಂದಿನ ಸ್ಕ್ಯಾನ್ ಮುಟ್ಟು ಮುಗಿದ ಮೊದಲ ವಾರದಲ್ಲಿ ಮಾಡಿಸಿದರೆ ಒಳ್ಳೆಯದು, ಆಗ ಆ ತಿಂಗಳ ಹೊಸ ಚೀಲ ಕಂಡು ಗೊಂದಲ ಆಗುವುದಿಲ್ಲ. ಹಳೇ ರಿಪೋರ್ಟ್ ಜೊತೆಗಿರಲಿ.