ಲೆನ್ಸ್ ಗೀರು: ಚಿತ್ರಕ್ಕೆ ಎಷ್ಟು ಕೇಡು?

ಸೆಕೆಂಡ್ ಹ್ಯಾಂಡ್ ಲೆನ್ಸ್ ಮಾರುವವರ ವಿವರಣೆಯಲ್ಲಿ ‘ಕ್ಲೀನಿಂಗ್ ಮಾರ್ಕ್’, ‘ಸ್ಕ್ರ್ಯಾಚ್’ ಎಂಬ ಮಾತುಗಳು ಪದೇ ಪದೇ ಸಿಗುತ್ತವೆ. ಒರಟು ಬಟ್ಟೆಯಿಂದ ತಿಕ್ಕಿ ತಿಕ್ಕಿ ಕೋಟಿಂಗ್ (ಪ್ರತಿಫಲನ ತಗ್ಗಿಸಲು ಗಾಜಿಗೆ ಬಳಿದ ತೆಳು ಲೇಪ) ಮೇಲೆ ಎದ್ದ ಕೂದಲೆಳೆಯಂಥ ಗೆರೆಗಳು ಮೊದಲನೆಯವು. ಗಾಜಿಗೇ ಇಳಿದ ಗೀರು ಎರಡನೆಯದು. ಲೆನ್ಸಿನ ಮುಂಭಾಗದ ಗಾಜಿನಲ್ಲಿ ಗೀರು ಕಂಡ ಕೂಡಲೇ ಚಿತ್ರದಲ್ಲೂ ಅದೇ ಗೆರೆ ಮೂಡುತ್ತದೆಂದು ಹೆದರುವವರು ಬಹಳ. ಹಾಗೆ ಮೂಡುವುದಿಲ್ಲ.

ಚಿತ್ರದ ಒಂದೊಂದು ಬಿಂದುವಿಗೂ ಅಪರ್ಚರ್ (ಬೆಳಕು ಒಳಬರುವ, ಹಿಗ್ಗಿಸಿ ಕುಗ್ಗಿಸಬಹುದಾದ ಕಿಂಡಿ) ಬಿಟ್ಟುಕೊಟ್ಟಷ್ಟು ಅಗಲದ ಗಾಜಿನಿಂದ ಬೆಳಕು ಬಂದು ಸೇರುತ್ತದೆ. ಮುಂದಿನ ಗಾಜಂತೂ ಫೋಕಸ್‌ನಿಂದ ಬಹಳ ಹೊರಗೆ. 50 ಮಿ.ಮೀ. ಎಫ್/1.8 ಲೆನ್ಸನ್ನೇ ನೋಡಿ (ಎಫ್ ಜೊತೆಗಿನ ಅಂಕಿ ದೊಡ್ಡದಾದಷ್ಟೂ ಅಪರ್ಚರ್ ಕಿರಿದು). ಪೂರ್ತಿ ತೆರೆದಾಗ ಬೆಳಕಿನ ದಾರಿಯ ವ್ಯಾಸ ಸುಮಾರು 28 ಮಿ.ಮೀ. 5 ಮಿ.ಮೀ. ಉದ್ದ, 0.1 ಮಿ.ಮೀ. ಅಗಲದ ಗೀರು ಅದರಲ್ಲಿ ಶೇ 0.1ರಷ್ಟನ್ನೂ ಮುಚ್ಚುವುದಿಲ್ಲ. ಎಫ್/16ಕ್ಕೆ ಹೋದರೆ ವ್ಯಾಸ 3 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಆಗ ನಡುಮಧ್ಯೆ ಹಾದ ಗೀರಿನ ಪಾಲು ಶೇ 4ರ ಹತ್ತಿರ ಬರುತ್ತದೆ. ವೈಡ್ ಆಂಗಲ್ ಲೆನ್ಸ್‌ಗಳಲ್ಲಿ ಇಂಥ ಸಣ್ಣ ಅಪರ್ಚರ್‌ನಲ್ಲಿ ದೊಡ್ಡ ಗೀರು ಮಸುಕು ಕಲೆಯಾಗಿ ಕಾಣಿಸಿಕೊಳ್ಳಬಹುದು.

ಗೀರಿನ ನಿಜವಾದ ಕೇಡು ಬೆಳಕನ್ನು ಚದುರಿಸುವುದು. ಸೂರ್ಯ ಬೆನ್ನ ಹಿಂದಿದ್ದಾಗ ಏನೂ ತೋರದ ಲೆನ್ಸ್, ಸೂರ್ಯನಿಗೆ ಎದುರಾಗುತ್ತಲೇ ಬಣ್ಣ ಬದಲಿಸುತ್ತದೆ: ಕಪ್ಪಾಗಿರಬೇಕಾದ ನೆರಳು ಬೂದಿಯಾಗುತ್ತದೆ, ದೀಪದ ಸುತ್ತ ಮಂಜು ಕವಿಯುತ್ತದೆ, ಕಾಂಟ್ರಾಸ್ಟ್ ಬೀಳುತ್ತದೆ. ಹಿನ್ನೆಲೆಯಲ್ಲಿ ಮಸುಕಾದ ದೀಪಗಳ ಬಿಲ್ಲೆಗಳೊಳಗೆ ಮಾತ್ರ ಗೀರಿನ ರೂಪವೇ ಕಾಣುವುದುಂಟು. ಆಳವಾದ ಗೀರಿಗೆ ಕಪ್ಪು ಮಸಿ ತುಂಬುವ ಹಳೆಯ ಉಪಾಯ ಕೆಲಸ ಮಾಡುವುದು ಇದೇ ಕಾರಣಕ್ಕೆ. ಮಸಿ ಒಂದಿಷ್ಟು ಬೆಳಕನ್ನು ನುಂಗುತ್ತದೆ, ಚದುರಿಸುವುದಿಲ್ಲ. ಲೆನ್ಸಿನ ಮೂತಿಗೆ ನೆರಳು ಕೊಡುವ ಹುಡ್ ಹಾಕಿ ಅಡ್ಡ ಬೆಳಕನ್ನು ತಡೆದರೂ ಸಾಕಷ್ಟು ಲಾಭವಿದೆ.

ಕ್ಯಾಮೆರಾ ಕಡೆಗಿರುವ ಹಿಂದಿನ ಗಾಜಿನ ಮಾತೇ ಬೇರೆ. ಅಲ್ಲಿ ಬೆಳಕಿನ ಕಟ್ಟು ಕಿರಿದಾಗಿರುತ್ತದೆ, ಚಿತ್ರ ದಾಖಲಿಸುವ ಸೆನ್ಸರ್ ಹತ್ತಿರವಿರುತ್ತದೆ. ಹಾಗಾಗಿ ಮುಂದೆ ಕ್ಷಮಿಸಬಹುದಾದ ಗೀರನ್ನು ಹಿಂದೆ ನಾನು ಕ್ಷಮಿಸುವುದಿಲ್ಲ. ಒಳಗಿನ ಗಾಜಿನ ತುಂಬ ಹರಡಿದ ಮಂಜು ಅಥವಾ ಫಂಗಸ್ ಒಂದೆರಡು ಗೀರುಗಳಿಗಿಂತ ಹೆಚ್ಚು ಹಾನಿಕರ. ಗೀರು ಇದ್ದಷ್ಟೇ ಇರುತ್ತದೆ, ಫಂಗಸ್ ಬೆಳೆಯುತ್ತದೆ.

ಕೊಳ್ಳುವ ಮುನ್ನ ಎರಡು ಚಿತ್ರ ತೆಗೆಯಿರಿ: ಒಂದು ಪ್ರಖರ ದೀಪಕ್ಕೆ ಎದುರಾಗಿ, ಇನ್ನೊಂದು ಎಫ್/16ರಲ್ಲಿ ಬರಿಯ ಗೋಡೆಯದು. ಲೆನ್ಸಿನೊಳಗೆ ಟಾರ್ಚ್ ಬೆಳಕು ಹಾಯಿಸಿ ನೋಡಿದರೆ ಒಳ್ಳೆಯ ಲೆನ್ಸ್ ಕೂಡ ಗಾಬರಿ ಹುಟ್ಟಿಸುತ್ತದೆ, ಅದೊಂದನ್ನೇ ನಂಬಬೇಡಿ. ಗೀರನ್ನು ಉಜ್ಜಿ ತೆಗೆಯುತ್ತೇನೆಂದು ಪಾಲಿಶ್ ಹಿಡಿದು ಮಾತ್ರ ಕೂರಬೇಡಿ. ಹಾಗೆ ಉಜ್ಜಿದರೆ ಕೋಟಿಂಗೂ ಹೋಗುತ್ತದೆ. ಕೋಟಿಂಗ್ ಹೋದ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಪ್ರತಿಫಲಿಸುತ್ತದೆ, ಅದೂ ಇಡೀ ಮೇಲ್ಮೈಯಿಂದ.