ಆಫೀಸಿಗೆ ಬರೋಕೆ ಭಯ ಅಂತಾರಲ್ಲ, ಅದು ನಿಜಾನಾ ನೆಪಾನಾ?

ಪ್ರಶ್ನೆ: ಬೆಂಗಳೂರಲ್ಲಿ ನಮ್ದು 30 ಜನರ ಸಣ್ಣ ಆಫೀಸು. ಕೋವಿಡ್ ಟೈಮಲ್ಲಿ ಮನೆಗೆ ಕಳ್ಸಿದ ಅಕೌಂಟ್ಸ್ ಟೀಮು ಇನ್ನೂ ಮನೆಯಿಂದಾನೇ ಕೆಲ್ಸ ಮಾಡ್ತಿದೆ. ಈಗ ಎಲ್ರೂ ಬನ್ನಿ ಅಂದ್ರೆ ನಾಲ್ಕು ಜನ "ಭಯ ಆಗುತ್ತೆ ಸಾರ್" ಅಂತಾರೆ. ಸ್ಯಾನಿಟೈಸರ್ ಎಲ್ಲಾ ಇಟ್ಟಿದೀವಿ, ಇನ್ನೇನ್ ಮಾಡ್ಬೇಕು? ನಿಜವಾಗ್ಲೂ ಭಯಾನಾ, ನೆಪಾನಾ?

ಉತ್ತರ: ಎರಡೂ ಇರುತ್ತೆ, ಒಬ್ರಲ್ಲೇ ಎರಡೂ ಇರ್ಬಹುದು. ಯಾವುದು ಎಷ್ಟು ಅಂತ ತನಿಖೆ ಮಾಡೋಕೆ ಹೋಗ್ಬೇಡಿ, ಕೈಗೆ ಏನೂ ಸಿಗಲ್ಲ. ಡಬ್ಲ್ಯುಎಚ್‌ಒದವರು 2023ರ ಮೇ 5ಕ್ಕೆ ತುರ್ತು ಪರಿಸ್ಥಿತಿ ಮುಗೀತು ಅಂದ್ರು ಸರಿ, ಆದ್ರೆ 2021ರ ಏಪ್ರಿಲ್-ಮೇನಲ್ಲಿ ಒಂದು ಬೆಡ್ಡಿಗೋಸ್ಕರ ರಾತ್ರಿಯಿಡೀ ಫೋನ್ ಹಿಡ್ಕೊಂಡು ಕೂತಿದ್ದೋರಿಗೆ ಆ ತಾರೀಕು ಕಟ್ಕೊಂಡು ಏನಾಗ್ಬೇಕು ಹೇಳಿ.

ಮೊದ್ಲು ಆ ಸ್ಯಾನಿಟೈಸರ್ ವಿಷ್ಯ. ಕೈ ತೊಳೆಯೋದು ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲಲ್ಲೇ ಹೇಳಿತ್ತು, ವೈರಸ್ ಅಂಟಿರೋ ಜಾಗ ಒಂದ್ಸಲ ಮುಟ್ಟಿದ್ರೆ ಕೋವಿಡ್ ಬರೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಮ್ಮಿ ಅಂತ. ಅಸಲಿ ದಾರಿ ಗಾಳಿ. 2020ರ ಮಾರ್ಚಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಒಂದು ಕಾಲ್ ಸೆಂಟರು, 11ನೇ ಮಹಡಿ, ಕೆಲ್ಸ ಮಾಡ್ತಿದ್ದೋರು 216 ಜನ, ಅದ್ರಲ್ಲಿ 94 ಜನಕ್ಕೆ ಸೋಂಕು, ಅದೂ ಬಹುತೇಕ ಮಹಡಿಯ ಒಂದೇ ಬದೀಲಿ ಕೂರ್ತಿದ್ದೋರಿಗೆ. ಇದೇ ಜನ ಲಿಫ್ಟಲ್ಲಿ, ಕೆಳಗಿನ ಲಾಬೀಲಿ ಬೇರೆ ಮಹಡಿಯವ್ರ ಜೊತೆ ಓಡಾಡಿದ್ರೂ ಇಡೀ ಬಿಲ್ಡಿಂಗಲ್ಲಿ ಒಟ್ಟು ಕೇಸು 97. ಅಂದ್ರೆ ಲಿಫ್ಟ್ ಬಟನ್ ಅಲ್ಲ, ಒಂದೇ ರೂಮಲ್ಲಿ ಗಂಟೆಗಟ್ಲೆ ಮಾತಾಡ್ಕೊಂಡು ಕೂತಿದ್ದು ಕೆಲ್ಸ ಕೆಡಿಸ್ತು.

ಈಗ ನಿಮ್ಮ ಆಫೀಸ್ ನೋಡ್ಕೊಳಿ. ಗೋಡೆ ಮೇಲೆ ಸ್ಪ್ಲಿಟ್ ಎಸಿ ಇದ್ಯಾ? ಅದು ಹೊರಗಿನ ಗಾಳಿ ತರುತ್ತೆ ಅಂತ ಬಹಳ ಜನ ಅಂದ್ಕೊಂಡಿದಾರೆ, ತರಲ್ಲ. ಒಳಗಿನ ಗಾಳೀನೇ ಎಳ್ಕೊಂಡು, ತಣ್ಣಗೆ ಮಾಡಿ, ವಾಪಸ್ ಬಿಡುತ್ತೆ ಅಷ್ಟೇ. ಕಿಟಕಿ ಮುಚ್ಚಿ ಎಸಿ ಹಾಕಿದ್ರೆ ಹತ್ತು ಜನ ಬಿಟ್ಟ ಉಸಿರನ್ನ ಹತ್ತು ಜನಾನೂ ಹಂಚ್ಕೊಂಡಂಗೆ.

ನಾನು ಮುಂಚೆ ಇದ್ದ ಕಂಪನೀಲಿ ಎಚ್‌ಆರ್ ನಾನೇ. ಗೇಟಲ್ಲಿ ಒಂದು ಥರ್ಮಲ್ ಗನ್ ಇತ್ತು, ಸೆಕ್ಯುರಿಟಿ ಅಣ್ಣ ಮಣಿಕಟ್ಟಿಗೆ ಹಿಡಿದ್ರೆ ಎಲ್ರಿಗೂ 33 ಡಿಗ್ರಿ ತೋರ್ಸೋದು, ಆ ಲೆಕ್ಕದಲ್ಲಿ ನಾವೆಲ್ಲ ಅರ್ಧ ಸತ್ತೋಗಿರ್ಬೇಕು. ದಿನಾ ಬೆಳಗ್ಗೆ ನಗು, ಧೈರ್ಯ ಮಾತ್ರ ಯಾರಿಗೂ ಬರ್ಲಿಲ್ಲ. ಆಮೇಲೆ ಒಬ್ಬ ಹುಡ್ಗಿ, ಅವಳ ಅಮ್ಮಂಗೆ ಡಯಾಲಿಸಿಸ್ ನಡೀತಿತ್ತು, ಫೋನಲ್ಲಿ ಒಂದೇ ಮಾತು ಕೇಳಿದ್ಲು, "ಮೇಡಂ, ನನ್ನ ಸೀಟಿನ ಪಕ್ಕದ ಕಿಟಕಿ ತೆಗೆಯೋಕಾಗುತ್ತಾ?" ಹೋಗಿ ನೋಡಿದ್ರೆ ಎಸಿ ಹಾಕ್ಸುವಾಗ ಸುತ್ತ ಸಿಲಿಕಾನ್ ಹೊಡೆದು ಮುಚ್ಚಿಬಿಟ್ಟಿದ್ರು. ಒಂದು ಶನಿವಾರ ಕಟರ್ ಬ್ಲೇಡ್ ತಗೊಂಡು ಕೂತು ಕೆರೆದು ಬಿಡಿಸಿ, ಸೊಳ್ಳೆ ಮೆಶ್ ಹಾಕ್ಸಿ, ಎದುರು ಗೋಡೇಲಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರ್ಸಿ, ಅವಳಿಗೆ ಫೋಟೋ ಕಳ್ಸಿದೆ. ಸೋಮವಾರ ಬಂದ್ಲು.

ನೀವೂ ಹಂಗೇ ಮಾಡಿ. ಸಂಜೆ ಮೀಟಿಂಗ್ ರೂಮಲ್ಲಿ ಒಂದು ಊದುಬತ್ತಿ ಹಚ್ಚಿ (ಸ್ಮೋಕ್ ಅಲಾರ್ಮ್ ಇದ್ರೆ ದಯವಿಟ್ಟು ಬೇಡ), ಆರ್ಸಿದ ಮೇಲೆ ಅರ್ಧ ಗಂಟೆ ಬಿಟ್ಟು ಬನ್ನಿ, ಹೊಗೆ ಇನ್ನೂ ತೇಲಾಡ್ತಿದ್ರೆ ಗಾಳಿ ಆಡ್ತಿಲ್ಲ ಅಂತ. ದುಡ್ಡಿದ್ರೆ ಸಿಒ2 ಮೀಟರ್ ತಗೊಳಿ, ನಾವು ಬಿಟ್ಟ ಉಸಿರು ರೂಮಲ್ಲಿ ಎಷ್ಟು ಸೇರ್ಕೊಂಡಿದೆ ಅಂತ ಗೊತ್ತಾಗುತ್ತೆ. ಹೊರಗೆ 420 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು ಅಂತ) ಸುತ್ತಮುತ್ತ ತೋರ್ಸುತ್ತೆ, ಜನ ತುಂಬಿದಾಗ ಒಳಗೆ 1,000 ದಾಟಿದ್ರೆ ಕಿಟಕಿ ತೆಗೀರಿ. ಮೇನ್ ರೋಡಿನ ಧೂಳು ಅಂದ್ರೆ ಹೆಪಾ ಫಿಲ್ಟರ್ (ಸಣ್ಣ ಸಣ್ಣ ಕಣಾನೂ ಹಿಡಿಯೋ ಜಾಲರಿ) ಇರೋ ಏರ್ ಪ್ಯೂರಿಫೈಯರ್ ಇಡಿ. ಊಟದ ಡಬ್ಬಿ ತೆಗೆಯೋದು ಎರಡು ಬ್ಯಾಚಲ್ಲಿ ಇರ್ಲಿ.

ಆದ್ರೆ ಗಾಳಿಗಿಂತ ದೊಡ್ಡ ಭಯ ಬೇರೆ ಇದೆ, ಯಾರೂ ಬಾಯ್ಬಿಟ್ಟು ಹೇಳಲ್ಲ: ಜ್ವರ ಬಂದ್ರೆ ಸಂಬಳ ಕಟ್ಟಾ? ರಜ ಇಲ್ದಿದ್ರೆ ಜನ ಡೋಲೋ ನುಂಗಿ ಬಂದು ಪಕ್ಕದಲ್ಲಿ ಕೂರ್ತಾರೆ, ಇದು ಪಕ್ಕದವ್ರಿಗೂ ಗೊತ್ತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೇಲಿ ಕಾಯಿಲೆಗೆ, ಬೇರೆ ನ್ಯಾಯವಾದ ಕಾರಣಕ್ಕೆ ವರ್ಷಕ್ಕೆ 12 ದಿನ ಸಂಬಳ ಸಮೇತ ರಜ ಇದೆ, ಅದೇನು ನೀವು ಕೊಡೋ ಭಿಕ್ಷೆ ಅಲ್ಲ. ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕಟ್ತಿರೋರಿಗೆ, ಅಗತ್ಯ ಇರೋಷ್ಟು ದಿನದ ವಂತಿಗೆ ಆಗಿದ್ರೆ, ಡಾಕ್ಟರ್ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತೆ. "ಜ್ವರ ಇದ್ರೆ ಬರ್ಬೇಡಿ, ಒಂದು ಮೆಸೇಜ್ ಹಾಕಿ ಸಾಕು, ಸಂಬಳ ಕಟ್ ಆಗಲ್ಲ" ಅಂತ ಓನರ್ ಹೆಸ್ರಲ್ಲಿ ಒಂದು ಮೇಲ್ ಹಾಕಿ ನೋಡಿ, ಹತ್ತು ಪೋಸ್ಟರ್‌ಗಿಂತ ಜಾಸ್ತಿ ಕೆಲ್ಸ ಮಾಡುತ್ತೆ. ಮೊದಲ್ನೇ ಸಲ ಯಾರಾದ್ರೂ ಹಂಗೆ ಉಳ್ಕೊಂಡಾಗ ಮ್ಯಾನೇಜರ್ ಮುಖ ಗಂಟಾಕ್ಕೊಂಡ್ರೆ ಮಾತ್ರ ಆ ಮೇಲ್ ಸತ್ತೋಯ್ತು.

ನಾಲ್ಕೂ ಜನರನ್ನ ಒಟ್ಟಿಗೆ ಕೂರ್ಸಿ ಕೇಳ್ಬೇಡಿ, ಒಬ್ಬೊಬ್ರನ್ನೇ ಫೋನಲ್ಲಿ ಕೇಳಿ. ಮನೇಲಿ ವಯಸ್ಸಾದೋರು ಇದಾರೆ ಅಂದ್ರೆ ವಾರಕ್ಕೆ ಎರಡು ದಿನದಿಂದ ಶುರು ಮಾಡ್ಲಿ. ಮಾಸ್ಕ್ ಹಾಕ್ಕೊಂಡು ಬಂದ್ರೆ ಆಡ್ಕೊಂಡು ನಗೋರನ್ನ ನೀವೇ ಗದರಿಸಿ. ಒಬ್ರು ಬಹುಶಃ "ಸಾರ್, ಕೋವಿಡ್ ಅಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್" ಅಂತಾರೆ. ಅವ್ರಿಗೆ ಹನ್ನೊಂದು ಗಂಟೆಗೆ ಬನ್ನಿ ಅನ್ನಿ.